ಭೂಗರ್ಭದ ತೈಲ ಶೋಧನೆಯಲ್ಲಿ ಕಂಪ್ಯೂಟರ್ ನಕ್ಷೆ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಸಭೆ ಆರಂಭವಾಗುವ ಮೊದಲು ಬಾಗಲಕೋಟೆ ಕಡೆಯ ಒಬ್ಬ ವಿದ್ಯಾರ್ಥಿ ನನ್ನ ಬಳಿ ಬಂದು, "ಸರ್, ನಮ್ಮ ಕಡೆ ನೆಲದಾಗ ಪೆಟ್ರೋಲ್ ಐತಂತ, ಖರೇನ್ರೀ?" ಎಂದು ಕೇಳಿದ. ಇಂದಿನ ನನ್ನ ಮಾತೆಲ್ಲ ಆ ಹುಡುಗನಿಗೆ ಕೊಡುವ ಉತ್ತರವೇ ಆಗಿದೆ.

ಅವನ ಪ್ರಶ್ನೆಗೆ ಆಧಾರ ಇಲ್ಲದಿಲ್ಲ. ನಮ್ಮ ದೇಶದಲ್ಲಿ ನೆಲ, ಕಡಲು ಸೇರಿ 26 ಬೇಸಿನ್‌ಗಳನ್ನು ಗುರುತಿಸಿದ್ದಾರೆ. ಬೇಸಿನ್ ಎಂದರೆ ಬೋಗುಣಿಯಂತೆ ತಗ್ಗಾದ ಭೂಭಾಗ. ಕೋಟ್ಯಂತರ ವರ್ಷ ಅದರಲ್ಲಿ ಮರಳು, ಕೆಸರು, ಸುಣ್ಣ ಪದರ ಪದರವಾಗಿ ಕೂತು ಕಲ್ಲಾಗಿರುತ್ತದೆ. ಇವುಗಳ ಒಟ್ಟು ವಿಸ್ತೀರ್ಣ ಸುಮಾರು 33.6 ಲಕ್ಷ ಚದರ ಕಿಲೋಮೀಟರ್. ಆ ಪಟ್ಟಿಯಲ್ಲಿ ನಮ್ಮ ಭೀಮಾ-ಕಲಾದಗಿಯೂ ಇದೆ. ನಮ್ಮ ಕರಾವಳಿಯಾಚೆಯ ಕೇರಳ-ಕೊಂಕಣ ಬೇಸಿನ್ ಕೂಡ ಇದೆ. ಆದರೆ ಇವೆರಡೂ ಇರುವುದು ಮೂರನೆಯ ವರ್ಗದಲ್ಲಿ. ಅಂದರೆ, ಇಲ್ಲಿ ನಿರೀಕ್ಷೆ ಇದೆ, ಶೋಧ ಆಗಿಲ್ಲ. ಮುಂಬೈ ಕಡಲು, ಕೃಷ್ಣಾ-ಗೋದಾವರಿ, ಅಸ್ಸಾಂ ಮುಂತಾದವು ಮೊದಲ ವರ್ಗದವು.

ನಿರೀಕ್ಷೆಯಿಂದ ಶೋಧದವರೆಗಿನ ದಾರಿಯಲ್ಲಿ ನಕ್ಷೆಯ ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು ಈಗ ನೋಡೋಣ.

ನಾವು ಓದುವಾಗ ಕಂಪ್ಯೂಟರ್ ಇರಲಿಲ್ಲ. ಇದೇ ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಹಳೆಯ ಭೂವಿಜ್ಞಾನದ ಪುಸ್ತಕ ಕೊಂಡು, ಜೊತೆಗೆ ಟ್ರೇಸಿಂಗ್ ಹಾಳೆಗಳನ್ನೂ ಕೊಳ್ಳುತ್ತಿದ್ದೆವು. ಒಂದು ಹಾಳೆಯಲ್ಲಿ ಕಲ್ಲಿನ ಬಗೆ, ಇನ್ನೊಂದರಲ್ಲಿ ಸ್ತರಭಂಗದ ಗೆರೆಗಳು, ಮತ್ತೊಂದರಲ್ಲಿ ಬಾವಿಗಳ ಆಳ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಯಾವುದು ಎಲ್ಲಿ ಕೂಡುತ್ತದೆಂದು ಕಾಣುತ್ತಿತ್ತು. ಇಂದಿನ ಜಿ.ಐ.ಎಸ್. ತಂತ್ರಾಂಶ ಮಾಡುವುದೂ ಮೂಲತಃ ಇದನ್ನೇ. ವ್ಯತ್ಯಾಸವೆಂದರೆ, ಪ್ರತಿ ಬಿಂದುವಿಗೂ ಅಕ್ಷಾಂಶ-ರೇಖಾಂಶ ಇರುತ್ತದೆ, ಪ್ರತಿ ಗೆರೆಯ ಹಿಂದೆ ಮಾಹಿತಿಯ ಕೋಷ್ಟಕ ಇರುತ್ತದೆ, ನೂರು ಹಾಳೆಗಳಿದ್ದರೂ ಕ್ಷಣದಲ್ಲಿ ಹೊಂದಿಸಬಹುದು. ಉಪಗ್ರಹ ಚಿತ್ರ, ಗುರುತ್ವ ಮಾಪನ, ಭೂಕಂಪನ ಅಲೆಗಳಿಂದ ಪಡೆದ ಆಳದ ಚಿತ್ರ ಎಲ್ಲವೂ ಒಂದೇ ಪರದೆಯ ಮೇಲೆ ಬರುತ್ತವೆ.

ಹಾಗಾದರೆ ಆ ಪರದೆಯಲ್ಲಿ ಹುಡುಕುವುದೇನನ್ನು? ತೈಲ ಸಿಗಬೇಕಾದರೆ ಕೆಲವು ಸಂಗತಿಗಳು ಕೂಡಿ ಬರಬೇಕು. ಜೀವಿಗಳ ಅವಶೇಷ ತುಂಬಿದ ಜೇಡಿಶಿಲೆ ಬೇಕು. ಅದು ಆಳಕ್ಕೆ ಹೋಗಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಬೇಕು. ಕಡಿಮೆ ಬೆಂದರೆ ತೈಲವಾಗದು, ಹೆಚ್ಚು ಬೆಂದರೆ ಅನಿಲವಾಗಿ ಹೋಗುತ್ತದೆ. ತೈಲ ನೀರಿಗಿಂತ ಹಗುರ, ಮೇಲಕ್ಕೆ ಜಿನುಗುತ್ತದೆ. ಅದನ್ನು ಹಿಡಿದಿಡಲು ರಂಧ್ರಗಳುಳ್ಳ ಮರಳುಗಲ್ಲು, ಅದರ ಮೇಲೆ ಮುಚ್ಚಳದಂತೆ ಬಿಗಿಯಾದ ಕಲ್ಲು, ಗೋಳಗುಮ್ಮಟದಂತೆ ಉಬ್ಬಿದ ಆಕಾರ ಬೇಕು. ತೈಲ ಹರಿಯುವ ಮುನ್ನವೇ ಆ ಗುಮ್ಮಟ ತಯಾರಾಗಿರಬೇಕು. ಒಂದು ಕೊಂಡಿ ತಪ್ಪಿದರೂ ಬಾವಿ ಬರಿದೇ. ಒಂದು ಬರಿದಾದ ಬಾವಿ ಎಂದರೆ ಕೋಟಿ ಕೋಟಿ ರೂಪಾಯಿ ಮಣ್ಣುಪಾಲು.

ಈಗ ಹುಡುಗನ ಊರಿಗೆ ಬರೋಣ. ಕಲಾದಗಿಯ ಕಲ್ಲುಗಳು ಸುಮಾರು ನೂರು ಕೋಟಿ ವರ್ಷಗಳಷ್ಟು ಹಿಂದಿನ ಕಾಲದವು. ರಾಬರ್ಟ್ ಬ್ರೂಸ್ ಫೂಟ್ ಅವರು 1876ರ ತಮ್ಮ ವರದಿಯಲ್ಲಿ ಈ ಸೀಮೆಯ ಭೂರಚನೆಯನ್ನು ವಿವರಿಸಿದ್ದರು. ಆ ಕಲ್ಲುಗಳು ಕೂತ ಕಾಲದಲ್ಲಿ ಮರವಿಲ್ಲ, ಮೀನಿಲ್ಲ, ಸೂಕ್ಷ್ಮಜೀವಿಗಳು ಮಾತ್ರ. ಅವು ಕಟ್ಟಿದ ಸ್ಟ್ರೊಮಟೊಲೈಟ್ ಎಂಬ ಪದರುಗಳು ಬಾಗಲಕೋಟೆ ಕಡೆಯ ಡಾಲಮೈಟ್ ಕಲ್ಲಿನಲ್ಲಿ ಇಂದಿಗೂ ಕಾಣುತ್ತವೆ. ಅಷ್ಟು ಹಳೆಯ ಕಲ್ಲಿನಲ್ಲಿ ತೈಲ ಅಸಾಧ್ಯವೇನಲ್ಲ. ಪೂರ್ವ ಸೈಬೀರಿಯಾದಲ್ಲಿ ಬಹು ಪುರಾತನ ಶಿಲೆಗಳಿಂದ ತೈಲ ತೆಗೆಯುತ್ತಾರೆ. ನಮ್ಮ ವಿಂಧ್ಯ ಬೇಸಿನ್ನಿನಲ್ಲಿ, ಮಧ್ಯಪ್ರದೇಶದ ದಮೋಹ್ ಜಿಲ್ಲೆಯಲ್ಲಿ, ಒ.ಎನ್.ಜಿ.ಸಿ. ಕೊರೆದ ಬಾವಿಗಳಲ್ಲಿ ಅನಿಲ ಸಿಕ್ಕಿದೆ.

ಆದರೆ ತೊಡಕುಗಳೂ ಇವೆ. ಭೀಮಾ ತೀರದ ಪದರಗಳ ದಪ್ಪ ಸುಮಾರು 300 ಮೀಟರ್ ಮಾತ್ರ. ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು ಅಲ್ಲಿಯದೇ. ಅಷ್ಟು ತೆಳು ಹೊದಿಕೆಯಡಿ ಜೇಡಿಶಿಲೆ ಬೇಯುವುದು ಕಷ್ಟ. ಕಲಾದಗಿಯ ಪದರಗಳು ಬಹಳ ದಪ್ಪ, ಆದರೆ ಅಲ್ಲಿನ ಕೆಳಗಿನ ಪದರಗಳು ಮಡಿಚಿ, ಸವೆದಿವೆ. ಅದರ ಮೇಲೆ ಕೂತ ಬಾದಾಮಿಯ ಕೆಂಪು ಮರಳುಗಲ್ಲು ಬಹುತೇಕ ಮಟ್ಟಸವಾಗಿದೆ. ಇನ್ನು ಉತ್ತರದ ಅಂಚನ್ನು ದಖನ್ನಿನ ಕಪ್ಪು ಬಸಾಲ್ಟ್ ಮುಚ್ಚಿಬಿಟ್ಟಿದೆ. ಬಸಾಲ್ಟಿನ ಕೆಳಗೆ ಭೂಕಂಪನ ಅಲೆಗಳ ಚಿತ್ರ ಸ್ಪಷ್ಟವಾಗಿ ಸಿಗುವುದಿಲ್ಲ.

ಮಿತ್ರರೇ, ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಹತ್ತು ಬಾವಿಗಳ ಆಳ ಕೊಟ್ಟರೆ ತಂತ್ರಾಂಶ ಅವುಗಳ ನಡುವಿನ ನೂರಾರು ಚದರ ಕಿಲೋಮೀಟರಿಗೂ ಬಣ್ಣ ತುಂಬಿ ಕೊಡುತ್ತದೆ. ಅಲ್ಲಿ ಏನಿದೆಯೆಂದು ಅದಕ್ಕೆ ಗೊತ್ತಿರುವುದಿಲ್ಲ. ಲೆಕ್ಕ ಹಾಕಿ ಊಹಿಸುತ್ತದೆ. ನನ್ನ ಕೆಲಸದ ಮೊದಲ ದಿನಗಳಲ್ಲಿ ಹೀಗೆ ಒಂದು ನಕ್ಷೆ ಮಾಡಿದ್ದೆ. ನಡುವೆ ಎಂಥ ಚೆಂದದ ಗುಮ್ಮಟ! ತೈಲ ಸಿಕ್ಕೇ ಸಿಕ್ಕಿತೆಂದು ಹಿಗ್ಗಿದೆ. ಹಿರಿಯರೊಬ್ಬರು ನೋಡಿ, "ಆ ನಡುವಿನ ಒಂದು ಬಾವಿ ತೆಗೆದು ಮತ್ತೆ ನೋಡಪ್ಪ" ಎಂದರು. ತೆಗೆದೆ, ಗುಮ್ಮಟ ಮಾಯವಾಯಿತು. ಕಡತ ತೆರೆದರೆ, ಉಳಿದ ಬಾವಿಗಳ ಆಳ ಅಡಿಗಳಲ್ಲಿತ್ತು, ಅದೊಂದರದು ಮೀಟರಿನಲ್ಲಿ! ನಾನು ಎಲ್ಲವನ್ನೂ ಅಡಿಯೆಂದೇ ತಿಳಿದು ನಕ್ಷೆ ಮಾಡಿದ್ದೆ. ಆ ನಕ್ಷೆ ನಂಬಿ ಕೊರೆದಿದ್ದರೆ? ಅಂದಿನಿಂದ ಮಾಹಿತಿ ಇಲ್ಲದ ಜಾಗವನ್ನು ನಾನು ಖಾಲಿ ಬಿಡುತ್ತೇನೆ. ಖಾಲಿ ಬಿಡಲು ನಾಚಿಕೆ ಬೇಡ. ಮುಂದೆ ಎಲ್ಲಿ ಅಳೆಯಬೇಕೆಂದು ಹೇಳುವುದೇ ಆ ಖಾಲಿ ಜಾಗ.

ಈ ವಿದ್ಯೆಗೆ ಈಗ ಹಣದ ಅಡ್ಡಿ ಹೆಚ್ಚಿಲ್ಲ. ಕ್ಯೂ.ಜಿ.ಐ.ಎಸ್. ತಂತ್ರಾಂಶ ಉಚಿತ. ಇಸ್ರೋ 2009ರಲ್ಲಿ ಆರಂಭಿಸಿದ ಭುವನ್ ತಾಣದಲ್ಲಿ ಉಪಗ್ರಹ ಚಿತ್ರಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ಶಿಲಾ ನಕ್ಷೆಗಳಿವೆ. ಬಿ.ಎಸ್ಸಿ. ಓದುತ್ತಿರುವ ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಮನೆಯ ಕಂಪ್ಯೂಟರಿನಲ್ಲೇ ತಮ್ಮ ತಾಲೂಕಿನ ನಕ್ಷೆಯಿಂದ ಆರಂಭಿಸಬಹುದು. ಆದರೆ ರಜೆಯಲ್ಲಿ ಆ ನೆಲಕ್ಕೆ ಹೋಗಿ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಹೊಂಡದ ನೀರಿನ ಮೇಲೆ ಎಣ್ಣೆಯಂಥ ಹೊಳಪು ಕಂಡರೆ ಕಡ್ಡಿಯಿಂದ ಕಲಕಿ. ಚೂರು ಚೂರಾಗಿ ಒಡೆದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ; ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇಂಥ ಪರೀಕ್ಷೆಯನ್ನು ಯಾವ ತಂತ್ರಾಂಶವೂ ನಿಮಗಾಗಿ ಮಾಡಿಕೊಡದು.

ಆ ಹುಡುಗನಿಗೆ ನನ್ನ ಉತ್ತರ ಇಷ್ಟೇ: ಇದೆ ಎಂದು ಹೇಳಲು ಆಧಾರ ಸಿಕ್ಕಿಲ್ಲ, ಇಲ್ಲವೇ ಇಲ್ಲ ಎನ್ನುವಷ್ಟು ನಾವು ಇನ್ನೂ ಹುಡುಕಿಲ್ಲ. ನಿಮ್ಮೂರಿನ ನಕ್ಷೆಯಲ್ಲಿ ಖಾಲಿ ಜಾಗ ಬಹಳ ಇದೆಯಪ್ಪ. ಚೆನ್ನಾಗಿ ಓದು, ನೀನೇ ಹೋಗಿ ಅಳೆದು ಬಾ.