ಬ್ರೇಕ್ ಒತ್ತಿದರೆ ಆರುವ ದೀಪ

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟ ವಿಷಯ 'ಮಹಿಳೆ ಮತ್ತು ತಂತ್ರಜ್ಞಾನ'. ಎಂ.ಟೆಕ್. ಓದಿದವಳು, ಐಟಿ ಕಂಪನಿಯಲ್ಲಿ ಇರುವವಳು, ಇವಳು ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಬಹುದು ಎಂದು ನೀವು ಎಣಿಸಿರಬೇಕು. ಕ್ಷಮಿಸಿ. ನಾನು ಮಾತಾಡುವುದು ನಮ್ಮ ಹಳೆಯ ಕಾರಿನ ಹಿಂದಿನ ಎಡಗಡೆಯ ಕೆಂಪು ದೀಪದ ಬಗ್ಗೆ. ಇಲ್ಲಿ ಕಾರು ಓಡಿಸುವವರು ಎಷ್ಟು ಮಂದಿ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿಯೇ ಇದ್ದೀರಿ.

ಕಳೆದ ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ನಮ್ಮ ಕಾರಿನ ಎಡಗಡೆಯ ಇಂಡಿಕೇಟರ್ ಸಿಕ್ಕಾಪಟ್ಟೆ ಅವಸರದಲ್ಲಿ ಟಿಕ್ ಟಿಕ್ ಎನ್ನತೊಡಗಿತು. ಗ್ಯಾರೇಜಿನವನು ಬಲ್ಬ್ ಬದಲಾಯಿಸಿದ. ನಾಲ್ಕು ದಿನ ಸರಿ ಇತ್ತು. ಆಮೇಲೆ ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೆ ಮಂದವಾಗಿ ಮಿನುಗುತ್ತದೆ ಎಂದು ಸೊಸೈಟಿಯ ಹುಡುಗನೊಬ್ಬ ಹೇಳಿದ. ಇನ್ನೊಂದು ಗ್ಯಾರೇಜಿನಲ್ಲಿ ಫ್ಲಾಶರ್ ಬದಲಾಯಿತು, ಬ್ಯಾಟರಿಯೂ ಬದಲಾಯಿತು. ಅಲ್ಲಿಯೂ ತೊಂದರೆ ಮತ್ತೆ ಮತ್ತೆ ಬಂತು, ಆದರೆ ಅವನ ಎದುರಿಗೆ ಮಾತ್ರ ಬರುತ್ತಿರಲಿಲ್ಲ. ಮ್ಯಾನೇಜರ್ ಬಂದು ನಿಂತ ಕೂಡಲೇ ಮಾಯವಾಗುವ ಬಗ್ ನಮಗೆ ಆಫೀಸಿನಲ್ಲಿ ಹೊಸದಲ್ಲ. "ಭಾಭೀಜಿ, ಸಾಬ್ ಕೋ ಭೇಜ್ ದೀಜಿಯೇ, ಅವರಿಗೆ ಅರ್ಥವಾಗುತ್ತದೆ" ಎಂದ. ನಮ್ಮ ಸಾಹೇಬರಿಗೆ ಬಾನೆಟ್ ತೆರೆಯುವ ಲಿವರ್ ಎಲ್ಲಿದೆ ಎಂದೂ ಗೊತ್ತಿಲ್ಲ. ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ.

ಗಣೇಶ ಚತುರ್ಥಿಯ ಸಮಯದಲ್ಲಿ ಒಂದು ರಾತ್ರಿ ಅತ್ತೆಯನ್ನು ಕೂರಿಸಿಕೊಂಡು ಗೋರೆಗಾಂವ್ ಕಡೆಯಿಂದ ಲಿಂಕ್ ರೋಡಿನಲ್ಲಿ ಬರುತ್ತಿದ್ದೆ. ಜಿಟಿಜಿಟಿ ಮಳೆ. ಎದುರಿನ ರಿಕ್ಷಾ ನಿಂತಿತು, ನಾನೂ ಬ್ರೇಕ್ ಹಾಕಿದೆ. ಹಿಂದಿನಿಂದ ಒಂದು ಬೈಕು ಎಡಗಡೆಗೆ ಬಂದು ಬಡಿಯಿತು. ಹುಡುಗ ಬಿದ್ದ. ಮೊಣಕೈ ತರಚಿತು, ಹೆಚ್ಚೇನೂ ಆಗಲಿಲ್ಲ, ದೇವರು ದೊಡ್ಡವನು. ಎದ್ದವನೇ ಹೇಳಿದ: "ಮೇಡಂ, ನೀವು ಬ್ರೇಕ್ ಹಾಕಿದಾಗ ನನ್ನ ಎದುರಿಗಿದ್ದ ಲೈಟು ಆರಿಹೋಯಿತು."

ಬ್ರೇಕ್ ಹಾಕಿದರೆ ಲೈಟು ಹತ್ತುತ್ತದೆಯೋ ಆರುತ್ತದೆಯೋ? ನನಗೆ ಸಿಟ್ಟು ಬಂತು. ಸೇರಿದ ಜನರ ಎದುರಿಗೆ ಬ್ರೇಕ್ ಒತ್ತಿ ತೋರಿಸಿದೆ. ಎರಡೂ ದೀಪ ಝಗ್ ಎಂದು ಹತ್ತಿದವು. ಜನ ಅವನಿಗೆ ಬೈದರು, ನಾನೂ ನಾಲ್ಕು ಮಾತು ಜಾಸ್ತಿಯೇ ಅಂದೆ. ಅವನು ಮತ್ತೊಮ್ಮೆ ಅದನ್ನೇ ಹೇಳಿ ಬೈಕು ತಳ್ಳಿಕೊಂಡು ಹೋದ.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ಸುಳ್ಳು ಹೇಳುವವನು ಅಷ್ಟು ವಿಚಿತ್ರದ ಸುಳ್ಳು ಯಾಕೆ ಹೇಳುತ್ತಾನೆ? ನಿಮ್ಮ ಲೈಟು ಹತ್ತಲೇ ಇಲ್ಲ ಅಂದಿದ್ದರೆ ಸಾಕಿತ್ತಲ್ಲ?" ಏಳನೇ ಕ್ಲಾಸು ಓದಿದ ಅತ್ತೆಯ ತರ್ಕ ಎಂ.ಟೆಕ್. ಸೊಸೆಗೆ ಹೊಳೆದಿರಲಿಲ್ಲ.

ಮಾರ್ವೆ ರಸ್ತೆಯ ಬದಿಯಲ್ಲಿ ಕಾರಿನ ವೈರಿಂಗ್ ಕೆಲಸವನ್ನಷ್ಟೇ ಮಾಡುವ ವಯಸ್ಸಾದ ಚಾಚಾ ಒಬ್ಬರಿದ್ದಾರೆ. ಅವರ ಹತ್ತಿರ ಹೋದೆ. ಅವರು ಸಾಹೇಬರನ್ನು ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ನನ್ನಿಂದ ಬ್ರೇಕ್ ಒತ್ತಿಸಿದರು. ಎಡಗಡೆ ದೀಪ ಸ್ವಲ್ಪ ಕೆಂಪಾಯಿತು. ಹತ್ತುತ್ತದಲ್ಲ ಎಂದೆ. "ಈಗ ರಾತ್ರಿಯ ಲೈಟು ಹಾಕಿ, ಮತ್ತೆ ಬ್ರೇಕ್ ಒತ್ತಿ" ಎಂದರು. ಲೈಟು ಹಾಕಿದೆ, ಕೆಂಪು ಬಂತು. ಬ್ರೇಕ್ ಒತ್ತಿದೆ, ದೀಪ ಪೂರ್ತಿ ಆರಿಹೋಯಿತು. ಅವರು ಕನ್ನಡಿ ಹಿಡಿದು ನನಗೆ ತೋರಿಸುತ್ತಿದ್ದರು. ನನ್ನ ಕಾಲು ಪೆಡಲಿನ ಮೇಲೇ ಉಳಿಯಿತು.

ಕಾರಣ ಇಷ್ಟು. ಮನೆಯ ದೀಪಕ್ಕೆ ಎರಡು ವೈರು ಹೋಗುತ್ತವೆ, ಒಂದು ಕರೆಂಟು ತರಲು, ಇನ್ನೊಂದು ವಾಪಸು ಒಯ್ಯಲು. ಕಾರಿನಲ್ಲಿ ವಾಪಸು ಹೋಗುವ ದಾರಿ ಕಾರಿನ ಕಬ್ಬಿಣದ ಮೈಯೇ. ಬ್ಯಾಟರಿಯ ನೆಗೆಟಿವ್ ಮೈಗೆ ಜೋಡಿಸಿರುತ್ತದೆ, ಪ್ರತಿ ದೀಪದ ಹತ್ತಿರ ಒಂದು ಗಿಡ್ಡ ವೈರನ್ನು ಸ್ಕ್ರೂ ಹಾಕಿ ಮೈಗೆ ಬಿಗಿದಿರುತ್ತಾರೆ. ಅದಕ್ಕೆ ಅರ್ತ್ ಎನ್ನುತ್ತಾರೆ. ನಮ್ಮ ಕಾರಿನ ಹಿಂದಿನ ಬಲ್ಬಿನೊಳಗೆ ಎರಡು ತಂತಿ ಇವೆ, ರಾತ್ರಿಯ ಲೈಟಿಗೆ 5 ವ್ಯಾಟ್‌ನದು, ಬ್ರೇಕಿಗೆ 21 ವ್ಯಾಟ್‌ನದು. ಎರಡಕ್ಕೂ ಅರ್ತ್ ಒಂದೇ.

ಈಗ ನಿಮ್ಮ ಬಿಲ್ಡಿಂಗಿನ ಬಚ್ಚಲಿನ ಪೈಪು ನೆನಪು ಮಾಡಿಕೊಳ್ಳಿ. ಕೆಳಗೆ ಕಟ್ಟಿಕೊಂಡರೆ ಮೇಲಿನವರ ನೀರು ಯಾರದೋ ಮನೆಯ ಬಚ್ಚಲಿನಲ್ಲಿ ಉಕ್ಕುತ್ತದೆ. ಕರೆಂಟೂ ಹಾಗೆಯೇ. ಅರ್ತ್ ಕಡಿದುಹೋದರೆ ಬ್ರೇಕಿನ ಕರೆಂಟು ಬಲ್ಬಿನ ಇನ್ನೊಂದು ತಂತಿಯೊಳಗೆ ನುಗ್ಗಿ, ಬೇರೆ ದೀಪಗಳ ಮೂಲಕ ದಾರಿ ಹುಡುಕುತ್ತದೆ. ಅದಕ್ಕೇ ಹಗಲಿನಲ್ಲಿ ಬ್ರೇಕ್ ಒತ್ತಿದಾಗ 5 ವ್ಯಾಟ್‌ನ ತಂತಿ ಹತ್ತಿ, ಎಲ್ಲ ಸರಿ ಇದೆ ಎನ್ನಿಸುತ್ತಿತ್ತು. ಎಡ ಇಂಡಿಕೇಟರಿಗೂ ಅದೇ ಅರ್ತ್, ಆದ್ದರಿಂದ ಅದರ ಕರೆಂಟು ಬ್ರೇಕ್ ಲೈಟಿನಲ್ಲಿ ಮಿನುಗುತ್ತಿತ್ತು. ರಾತ್ರಿ ಬ್ರೇಕ್ ಒತ್ತಿದಾಗ ಎರಡು ತಂತಿಗೂ ಎರಡು ಕಡೆಯಿಂದ 12 ವೋಲ್ಟ್ ಬರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಎರಡು ತಂತಿಯೂ ತಣ್ಣಗೆ ಕೂರುತ್ತವೆ. ಆ ಹುಡುಗ ಕಂಡದ್ದು ಅದನ್ನೇ. ಅವನ ಬೈಕು ಬಡಿದ ಪೆಟ್ಟಿಗೆ ಸಡಿಲ ಅರ್ತ್ ಒಂದು ಗಳಿಗೆ ಕೂಡಿಕೊಂಡು, ನಾನು ಜನರಿಗೆ ತೋರಿಸುವಾಗ ದೀಪ ಸರಿಯಾಗಿ ಹತ್ತಿತು.

ಚಾಚಾ ಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ತಿಗೂ ಇನ್ನೊಂದನ್ನು ಡಿಕ್ಕಿಯ ಬರೀ ಕಬ್ಬಿಣಕ್ಕೂ ಹಿಡಿದರು. ಸೊನ್ನೆಯ ಹತ್ತಿರ ಇರಬೇಕಾದಲ್ಲಿ 11 ವೋಲ್ಟ್ ದಾಟಿತ್ತು. ಸ್ಕ್ರೂ ಬಿಚ್ಚಿದರೆ ಕೆಳಗೆ ತುಕ್ಕು, ವೈರಿನ ತುದಿಗೆ ಹಸಿರು ಕಿಲುಬು. ತಾಮ್ರದ ಚೊಂಬಿಗೆ ಹತ್ತುತ್ತದಲ್ಲ, ಅದೇ. ದೀಪದ ರಬ್ಬರ್ ಪಟ್ಟಿ ಹರಿದು ಮಳೆನೀರು ಒಳಗೆ ಬರುತ್ತಿತ್ತು, ಮೇಲೆ ನಮ್ಮ ಖಾಡಿಯ ಉಪ್ಪು ಗಾಳಿ ಬೇರೆ. ಉಜ್ಜಿ, ಹೊಸ ತುದಿ ಹಾಕಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. (ಹುಣಸೆಹಣ್ಣು ಹಾಕಬಾರದೇ ಎಂದು ಅತ್ತೆ ಆಮೇಲೆ ಕೇಳಿದರು. ಬೇಡ, ಹುಳಿ ಉಳಿದರೆ ಮತ್ತೆ ತಿನ್ನುತ್ತದೆ.) 150 ರೂಪಾಯಿ ತೆಗೆದುಕೊಂಡರು. ಮೊದಲಿನ ಎರಡು ಕಡೆ ನಾನು ಕೊಟ್ಟದ್ದನ್ನು ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ ನಾನೂ ಒಂದು ಮಲ್ಟಿಮೀಟರ್ ಕೊಂಡೆ. ಇಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ನೋಡಿದರೆ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಅದು ಏರದಿದ್ದರೆ ಚಾರ್ಜ್ ಆಗುತ್ತಿಲ್ಲ ಎಂದು ಅರ್ಥ, ಬ್ಯಾಟರಿ ಬದಲಾಯಿಸಿ ಪ್ರಯೋಜನವಿಲ್ಲ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಹೆಚ್ಚು ಕಡಿಮೆ ಮಾಡುವುದರಿಂದ ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ಫ್ಯೂಸುಗಳಿಗೆ ಬಣ್ಣವಿದೆ, ಬಳೆ ಅಂಗಡಿಯ ಹಾಗೆ: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ. ಕೆಂಪು ಸುಟ್ಟರೆ ಕೆಂಪೇ ಹಾಕಿಸಿ. "ಹಳದಿ ಹಾಕಿದರೆ ಮತ್ತೆ ಸುಡುವುದಿಲ್ಲ" ಎನ್ನುವವನಿದ್ದರೆ ಕೀ ತೆಗೆದುಕೊಂಡು ಎದ್ದು ಬನ್ನಿ. ಫ್ಯೂಸು ಸುಡದಿದ್ದರೆ ವೈರು ಸುಡುತ್ತದೆ. ಅಂದಕ್ಕೆಂದು ವೈರು ಕತ್ತರಿಸಿ ಎಲ್‌ಇಡಿ ಪಟ್ಟಿ ಹಾಕಿಸುವುದೂ ಬೇಡ.

ಮಲಾಡ್ ಸಬ್‌ವೇಯ ನೀರಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಕಾರಿನೊಳಗೇ ಸಿಕ್ಕಿಕೊಂಡು ಜೀವ ಕಳೆದುಕೊಂಡವರಿದ್ದರು. ನೀರು ಏರುವಾಗ ಕರೆಂಟಿನ ಕಿಟಕಿ ಕೈಕೊಡಬಹುದು. ಕಿಟಕಿ ಇಳಿಯುತ್ತಿರುವಾಗಲೇ ಇಳಿಸಿ, ಹೊರಗೆ ಬನ್ನಿ. ನೀರು ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ.

ಆ ಹುಡುಗನನ್ನು ಹುಡುಕಬೇಕೆಂದು ಎರಡು ಮೂರು ಸಂಜೆ ಅದೇ ಹೊತ್ತಿಗೆ ಆ ಸಿಗ್ನಲ್ ಹತ್ತಿರ ನಿಧಾನ ಮಾಡಿ ನೋಡಿದೆ. ಹೆಲ್ಮೆಟ್ ಹಾಕಿದವರ ನಡುವೆ ಯಾರನ್ನು ಹುಡುಕಲಿ? ಅವನ ಹೆಸರನ್ನೂ ಕೇಳಿರಲಿಲ್ಲ.

ಈ ಹಾಲ್‌ನ ಕೆಳಗಿನ ಪಾರ್ಕಿಂಗಿನಲ್ಲಿ ಬಿಳಿ ಗೋಡೆಯೊಂದಿದೆ. ಊಟ ಮುಗಿಸಿ ಕೀ ಹಿಡಿದು ಬನ್ನಿ. ಕಾರಿನ ಹಿಂಭಾಗವನ್ನು ಗೋಡೆಗೆ ಮಾಡಿ ನಿಲ್ಲಿಸೋಣ. ಒಬ್ಬರು ಒಳಗೆ, ಒಬ್ಬರು ಹೊರಗೆ. ಮೊದಲು ರಾತ್ರಿಯ ಲೈಟು, ಅದನ್ನು ಆರಿಸದೆ ಬ್ರೇಕ್, ಅದರ ಮೇಲೆ ಇಂಡಿಕೇಟರ್. ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿದರೆ ನನ್ನ ಹಾಗೆ ಮೋಸಹೋಗುತ್ತೀರಿ. ಮೀಟರ್ ನನ್ನ ಬ್ಯಾಗಿನಲ್ಲಿದೆ.