ಯುದ್ಧಕಾಲದ ಕಾನೂನು ಮತ್ತು ಸೆರೆಯಾಳುಗಳ ರಕ್ಷಣೆ

(ದಹಿಸರ್‌ನ ಕನ್ನಡಿಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ದಹಿಸರ್ ನಿಲ್ದಾಣದಲ್ಲಿ ವಿರಾರ್ ಕಡೆಯ ಗಾಡಿಯನ್ನು ಹತ್ತಿದವರು ಮೀರಾ ರೋಡ್, ಭಾಯಂದರ್‌ಗಳನ್ನು ದಾಟಿದೊಡನೆ ವಸಯಿ ಖಾರಿಯ ಸೇತುವೆಯ ಮೇಲೆ ಸಾಗುತ್ತಾರೆ. ಆ ನೀರಿನ ಆಚೆಯ ದಡದಲ್ಲಿ ಪೋರ್ಚುಗೀಸರ ಕಾಲದ ವಸಯಿ ಕೋಟೆಯ ಅವಶೇಷಗಳಿವೆ. ದಹಿಸರ್ ಸೇರಿದ ಸಾಷ್ಟಿ ದ್ವೀಪದ ಬಹುಭಾಗವು 1737ರಲ್ಲಿಯೇ ಮರಾಠರ ವಶವಾಗಿತ್ತು. ಚಿಮಾಜಿ ಅಪ್ಪಾ ಅವರ ಸೇನೆ 1739ರ ಮೇ ತಿಂಗಳಲ್ಲಿ ವಸಯಿಯನ್ನೂ ಗೆದ್ದುಕೊಂಡಿತು. ಮುತ್ತಿಗೆ ಅತ್ಯಂತ ಭೀಕರವಾಗಿದ್ದು, ಗೆದ್ದವರ ಪಕ್ಷದಲ್ಲಿಯೇ ಸಾವಿರಾರು ಮಂದಿ ಮಡಿದಿದ್ದರು. ಆದರೂ ಶರಣಾಗತಿಯ ಕರಾರು ಉದಾರವಾಗಿತ್ತು. ಸೋತ ಸೈನಿಕರು ಆಯುಧ ಸಹಿತರಾಗಿ, ಧ್ವಜವನ್ನು ಹಿಡಿದು, ನಗಾರಿ ಬಾರಿಸುತ್ತ ಹೊರಡಬಹುದಾಗಿತ್ತು. ಕುಟುಂಬಗಳು ತಮ್ಮ ಚರಸ್ವತ್ತುಗಳೊಂದಿಗೆ ತೆರಳಬಹುದಾಗಿತ್ತು. ಉಳಿಯಲು ಬಯಸಿದ ಕ್ರೈಸ್ತರಿಗೆ ಆರಾಧನೆಯ ಸ್ವಾತಂತ್ರ್ಯವಿತ್ತು.

ಈ ಸೌಜನ್ಯವು ಗೆದ್ದವನ ಮನೋಧರ್ಮವನ್ನು ಅವಲಂಬಿಸಿತ್ತೆಂಬುದನ್ನು ಮರೆಯಲಾಗದು. ಇನ್ನೊಬ್ಬ ದಳಪತಿ ಅದೇ ಸ್ಥಳದಲ್ಲಿ ಬೇರೆಯದನ್ನೇ ಮಾಡಿದ್ದರೆ ಅವನನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಭಾರತದ ಕಥೆಯನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸ ಮಾತಲ್ಲ; ಕುರುಕ್ಷೇತ್ರದಲ್ಲಿ ನಿಯಮಗಳಿದ್ದವು, ಎರಡೂ ಪಕ್ಷದವರು ಅವನ್ನು ಒಪ್ಪಿದ್ದರು, ಎರಡೂ ಪಕ್ಷದವರು ಮುರಿದರು.

ನಿಯಮವನ್ನು ರಾಷ್ಟ್ರಗಳ ನಡುವಣ ಲಿಖಿತ ಬಾಧ್ಯತೆಯನ್ನಾಗಿ ಮಾಡುವ ಪ್ರಯತ್ನ 19ನೆಯ ಶತಮಾನದ್ದು. ಉತ್ತರ ಇಟಲಿಯ ಸೊಲ್ಫೆರಿನೊ ರಣರಂಗದಲ್ಲಿ 1859ರಲ್ಲಿ ಆರೈಕೆಯಿಲ್ಲದೆ ಬಿದ್ದಿದ್ದ ಗಾಯಾಳುಗಳನ್ನು ಕಂಡ ಸ್ವಿಸ್ ವರ್ತಕ ಹೆನ್ರಿ ಡ್ಯೂನಾಂಟ್ ಅವರ ಪ್ರೇರಣೆಯಿಂದ ರೆಡ್‌ಕ್ರಾಸ್ ಸಂಸ್ಥೆಯೂ, 1864ರಲ್ಲಿ ಪ್ರಥಮ ಜಿನೀವಾ ಒಡಂಬಡಿಕೆಯೂ ರೂಪುಗೊಂಡವು. ಇಂದು ಆಧಾರವಾಗಿರುವುವು 1949ರ ನಾಲ್ಕು ಒಡಂಬಡಿಕೆಗಳು. ಇವು ಅನುಕ್ರಮವಾಗಿ ಭೂಸೇನೆಯ ಗಾಯಾಳುಗಳು, ಸಮುದ್ರದಲ್ಲಿನ ಗಾಯಾಳುಗಳು ಹಾಗೂ ನೌಕಾಘಾತಕ್ಕೊಳಗಾದವರು, ಯುದ್ಧಕೈದಿಗಳು ಮತ್ತು ನಾಗರಿಕರ ರಕ್ಷಣೆಗೆ ಸಂಬಂಧಿಸಿವೆ. ಭಾರತವು ಇವುಗಳನ್ನು 1950ರಲ್ಲಿ ಸ್ಥಿರೀಕರಿಸಿತು. 1977ರ ಹೆಚ್ಚುವರಿ ಪ್ರೋಟೋಕಾಲ್‌ಗಳನ್ನು ಭಾರತ ಅಂಗೀಕರಿಸಿಲ್ಲ.

ಇಲ್ಲಿ ಒಂದು ಪದದ ವಿಚಾರವನ್ನು ಹೇಳಬೇಕಾಗುತ್ತದೆ. ‘ಯುದ್ಧಕೈದಿ’ ಎಂಬ ಮಾತು ಕನ್ನಡದಲ್ಲಿ ರೂಢಿಗೆ ಬಂದಿದೆಯಾದರೂ, ‘ಕೈದಿ’ ಎಂದೊಡನೆ ಅಪರಾಧಿಯೆಂಬ ಭಾವನೆ ಮೂಡುವುದು ಸಹಜ. ಹಳೆಯ ‘ಸೆರೆಯಾಳು’ ಎಂಬ ಮಾತೇ ಮೇಲು. ತನ್ನ ದೇಶದ ಪರವಾಗಿ ಕಾದಾಡಿ ಸೆರೆಸಿಕ್ಕ ಸೈನಿಕನು ಕಾದಾಡಿದ ಕಾರಣಕ್ಕೆ ಶಿಕ್ಷಾರ್ಹನಲ್ಲ. ಅವನು ತಿಳಿಸಬೇಕಾದದ್ದು ಹೆಸರು, ಪದವಿ, ಜನ್ಮದಿನಾಂಕ ಮತ್ತು ಸೇನಾ ಸಂಖ್ಯೆ ಇಷ್ಟೇ; ಅದಕ್ಕಿಂತ ಹೆಚ್ಚಿನದನ್ನು ಹಿಂಸೆಯಿಂದ ಹೊರಡಿಸುವಂತಿಲ್ಲ. ಅವನ ವಸತಿಯು ಸೆರೆಹಿಡಿದವರ ಸ್ವಂತ ಪಡೆಗಳ ವಸತಿಗಿಂತ ಕೀಳಾಗಿರಕೂಡದು. ಮನೆಗೆ ಪತ್ರ ಬರೆಯುವ ಹಕ್ಕು ಅವನಿಗಿದೆ.

ಈ ವಿಧಿಗಳು ಕೊಡಗಿನ ಒಂದು ಮನೆಯನ್ನು ಹೇಗೆ ತಟ್ಟಿದವೆಂಬುದು ಪ್ರಸಿದ್ಧವಾಗಿದೆ. 1965ರ ಯುದ್ಧದ ಕಡೆಯ ದಿನಗಳಲ್ಲಿ ವಾಯುಸೇನೆಯ ಅಧಿಕಾರಿ ಕೆ. ಸಿ. ಕಾರಿಯಪ್ಪ ಅವರು ವಿಮಾನ ಪತನಗೊಂಡು ಪಾಕಿಸ್ತಾನದ ಸೆರೆಯಾದರು. ತಂದೆ ಜನರಲ್ ಕೆ. ಎಂ. ಕಾರಿಯಪ್ಪ ಅವರು ಸ್ವತಂತ್ರ ಭಾರತದ ಸೇನೆಯ ಪ್ರಥಮ ಭಾರತೀಯ ದಂಡನಾಯಕರಾಗಿದ್ದವರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರು ಒಂದು ಕಾಲದಲ್ಲಿ ಅವರ ಕೈಕೆಳಗೆ ಸೇವೆ ಸಲ್ಲಿಸಿದ್ದವರು. ಮಗನನ್ನು ಬಿಡುಗಡೆ ಮಾಡುವ ಸೂಚನೆ ಬಂದಾಗ, ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತಮ್ಮ ಮಕ್ಕಳೇ, ಒಬ್ಬನಿಗೆ ವಿಶೇಷ ಉಪಚಾರ ಬೇಡ ಎಂಬ ಭಾವದ ಉತ್ತರವನ್ನು ತಂದೆ ಕೊಟ್ಟರು. ಮಗ ಮರಳಿದ್ದು 1966ರ ಜನವರಿಯಲ್ಲಿ, ಇತರರೊಂದಿಗೆ.

ಇದಕ್ಕಿಂತ ಜಟಿಲವಾದ ಪ್ರಸಂಗವನ್ನು ಎದುರಿಸಿದವರು ಮಡಿಕೇರಿಯಲ್ಲಿ ಜನಿಸಿದ ಕೆ. ಎಸ್. ತಿಮ್ಮಯ್ಯನವರು. ಕಾಳಗ ಮುಗಿದೊಡನೆ ಸೆರೆಯಾಳುಗಳನ್ನು ವಿಳಂಬವಿಲ್ಲದೆ ಸ್ವದೇಶಕ್ಕೆ ಕಳುಹಿಸಬೇಕೆಂದು ಮೂರನೆಯ ಒಡಂಬಡಿಕೆಯ 118ನೆಯ ಅನುಚ್ಛೇದ ವಿಧಿಸುತ್ತದೆ. ಆದರೆ ಸೆರೆಯಾಳು ತಾನೇ ಹಿಂದಿರುಗಲು ಒಪ್ಪದಿದ್ದರೆ? ಒಡಂಬಡಿಕೆ ಬರೆದವರಿಗೆ ಅಷ್ಟಾಗಿ ತೋರದಿದ್ದ ಈ ಪ್ರಶ್ನೆ ಕೊರಿಯಾ ಯುದ್ಧದಲ್ಲಿ ಸಂಧಾನವನ್ನೇ ತಿಂಗಳುಗಟ್ಟಲೆ ತಡೆಹಿಡಿಯಿತು. ಒಂದು ಪಕ್ಷ ಎಲ್ಲರನ್ನೂ ಮರಳಿಸಬೇಕೆಂದಿತು. ಇನ್ನೊಂದು ಪಕ್ಷ ಯಾರನ್ನೂ ಬಲಾತ್ಕರಿಸಲಾಗದೆಂದಿತು. 1953ರ ಜುಲೈ 27ರಂದು ಕದನವಿರಾಮವಾದಾಗ ಭಾರತ, ಸ್ವೀಡನ್, ಸ್ವಿಟ್ಜರ್‌ಲ್ಯಾಂಡ್, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ದೇಶಗಳ ತಟಸ್ಥ ಆಯೋಗಕ್ಕೆ ಈ ಹೊಣೆಯನ್ನು ವಹಿಸಲಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ಅವರ ನಾಯಕತ್ವದ ಭಾರತೀಯ ಪಡೆ ಸೆರೆಯಾಳುಗಳ ಕಾವಲಿಗೆ ನಿಂತಿತು.

ಸೆರೆಯಾಳುಗಳು 22,000ಕ್ಕೂ ಮಿಕ್ಕಿದ್ದರು. ಶಿಬಿರಗಳೊಳಗೆ ಅವರ ಮುಖಂಡರು ತಮ್ಮವರ ಮೇಲೆಯೇ ಬೆದರಿಕೆಯ ಆಳ್ವಿಕೆ ನಡೆಸುತ್ತಿದ್ದರು. ಒಬ್ಬನ ನಿಜವಾದ ಇಚ್ಛೆ ಏನೆಂದು ತಿಳಿಯುವುದೇ ದುಸ್ತರವಾಗಿತ್ತು. ಒಮ್ಮೆ ಅವರು ಭಾರತೀಯ ಅಧಿಕಾರಿಯೊಬ್ಬರನ್ನು ಒತ್ತೆಯಾಗಿ ಹಿಡಿದಾಗ, ಥೋರಾಟ್ ಅವರು ತಾವೇ ಆವರಣದೊಳಕ್ಕೆ ಹೋಗಿ, ಗುಂಡು ಹಾರಿಸದೆ, ಮಾತಿನಿಂದಲೇ ಬಿಡಿಸಿ ತಂದರು. ಸ್ವದೇಶದ ಪ್ರತಿನಿಧಿಗಳು ಬಂದು ವಿವರಣೆ ನೀಡಲು 90 ದಿನಗಳ ಅವಧಿಯಿತ್ತು. ಬಹುಪಾಲು ಮಂದಿ ವಿವರಣೆ ಕೇಳಲೂ ಬರಲಿಲ್ಲ. ಅವರನ್ನು ಬಲವಂತವಾಗಿ ಎಳೆತರಬೇಕೆಂದು ಒಂದು ಕಡೆಯವರು ಒತ್ತಾಯಿಸಿದರು. ತಕ್ಷಣ ಬಿಡುಗಡೆ ಮಾಡಬೇಕೆಂದು ಇನ್ನೊಂದು ಕಡೆಯವರು. ಬಲವಂತಕ್ಕೆ ಹೋದರೆ ಸೆರೆಯಾಳುಗಳ ರಕ್ತ ಹರಿಯುವುದು ಖಚಿತವಾಗಿತ್ತು. ಕೊನೆಗೆ 1954ರ ಜನವರಿಯಲ್ಲಿ ಉಳಿದವರನ್ನು ಮೊದಲು ಸೆರೆಹಿಡಿದಿದ್ದ ಪಕ್ಷಗಳಿಗೇ ಹಿಂದಿರುಗಿಸಲಾಯಿತು. ತಿಮ್ಮಯ್ಯನವರನ್ನು ಎರಡೂ ಕಡೆಯವರು ಟೀಕಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ತಟಸ್ಥ ದೇಶಗಳನ್ನು ಬಯಸಿದ 80ಕ್ಕೂ ಹೆಚ್ಚು ಮಂದಿ ಭಾರತೀಯ ಪಡೆಯೊಂದಿಗೆ ಭಾರತಕ್ಕೇ ಬಂದರು.

ಇವೆಲ್ಲವೂ ದೂರದ ಸಂಗತಿಗಳೆಂದು ತೋರಬಹುದು. ಆದರೆ ಈ ಕಾನೂನಿನ ಒಂದು ಅಂಶ ದಹಿಸರ್‌ನ ಬೀದಿಗೂ ಅನ್ವಯಿಸುತ್ತದೆ. ಒಡಂಬಡಿಕೆಗಳನ್ನು ದೇಶದೊಳಗೆ ಜಾರಿಗೊಳಿಸಲು ಸಂಸತ್ತು 1960ರಲ್ಲಿ ಜಿನೀವಾ ಒಡಂಬಡಿಕೆಗಳ ಅಧಿನಿಯಮವನ್ನು ಅಂಗೀಕರಿಸಿತು. ಘೋರ ಉಲ್ಲಂಘನೆಯಲ್ಲಿ ರಕ್ಷಿತ ವ್ಯಕ್ತಿಯ ಬುದ್ಧಿಪೂರ್ವಕ ಹತ್ಯೆಯಾಗಿದ್ದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೂ, ಇತರ ಸಂದರ್ಭಗಳಲ್ಲಿ 14 ವರ್ಷಗಳವರೆಗಿನ ಕಾರಾವಾಸಕ್ಕೂ ಅದು ಅವಕಾಶ ಕಲ್ಪಿಸಿತು. ಅದೇ ಅಧಿನಿಯಮವು ಬಿಳಿಯ ಹಿನ್ನೆಲೆಯ ಕೆಂಪು ಶಿಲುಬೆಯ ಚಿಹ್ನೆಯನ್ನು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಬಳಸುವುದನ್ನು ನಿಷೇಧಿಸಿ, 500 ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿತು.

ಔಷಧಿ ಅಂಗಡಿಯ ಫಲಕ, ವೈದ್ಯರ ಕಾರಿನ ಗಾಜು, ಖಾಸಗಿ ಆಂಬುಲೆನ್ಸ್ ಇವುಗಳ ಮೇಲೆ ಈ ಚಿಹ್ನೆಯನ್ನು ಬರೆಸುವವರು ಕೆಟ್ಟ ಉದ್ದೇಶದಿಂದ ಹಾಗೆ ಮಾಡುವುದಿಲ್ಲ. ಅದು ವೈದ್ಯವೃತ್ತಿಯ ಗುರುತೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಅದು ರಣರಂಗದಲ್ಲಿ ಬಂದೂಕು ಹಿಡಿದವನಿಗೆ ‘ಇಲ್ಲಿ ಗುಂಡು ಹಾರಿಸಬೇಡ’ ಎಂದು ತಿಳಿಸುವ ಗುರುತು. ವ್ಯಾಪಾರದ ಫಲಕಗಳಲ್ಲಿ ಅದನ್ನು ದಿನವೂ ನೋಡುವ ಕಣ್ಣಿಗೆ ಆ ಅರ್ಥ ಸವೆದುಹೋಗುತ್ತದೆ. ವೈದ್ಯರಿಗೆ ಭಾರತೀಯ ವೈದ್ಯಕೀಯ ಸಂಘವು ರೂಪಿಸಿದ ಬೇರೆ ಲಾಂಛನವಿದೆ. ಅಂಗಡಿಗಳವರು ಹಸಿರು ಬಣ್ಣದ ಶಿಲುಬೆಯನ್ನು ಬರೆಸಬಹುದು. ಫಲಕವನ್ನು ಬದಲಾಯಿಸಲು ತಗಲುವ ವೆಚ್ಚ ಒಬ್ಬ ಬಣ್ಣಗಾರನ ಅರ್ಧ ದಿನದ ಕೂಲಿ.