ಪುಕ್ಕಟೆ ಎಂಬುದರ ಬೆಲೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



 

"ತಂತ್ರಜ್ಞಾನ ಮತ್ತು ನಮ್ಮ ಮಕ್ಕಳು" ಎಂಬ ವಿಷಯದ ಮೇಲೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಇಂಜಿನಿಯರ್ ಅಲ್ಲ. ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವನು. ಆದರೆ ಪ್ರೊಜೆಕ್ಟರ್ ಹತ್ತದಿದ್ದರೂ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ, ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬಬೇಕಾದರೂ ಮೊದಲು ಕೂಗುವುದು ನನ್ನನ್ನೇ. ಗೆಳೆಯರು ನನ್ನನ್ನು "ಕಂಪ್ಯೂಟರ್ ಮೇಷ್ಟ್ರು" ಎಂದು ತಮಾಷೆ ಮಾಡುತ್ತಾರೆ. ಅದರಲ್ಲಿ ನನಗೆ ಬೇಸರವಿಲ್ಲ. ಹೊಸ ಯಂತ್ರ ಕಂಡರೆ ಅದನ್ನು ಬಿಚ್ಚಿ ನೋಡುವ ಆಸೆ ನನಗೆ ಚಿಕ್ಕಂದಿನಿಂದಲೂ ಇದೆ. ಆದ್ದರಿಂದ ಇಂದು ನಾನು ಹೇಳುವ ಮಾತುಗಳನ್ನು ಮೊಬೈಲ್ ಕಂಡರಾಗದವನ ಸಿಟ್ಟು ಎಂದು ದಯವಿಟ್ಟು ತಿಳಿಯಬೇಡಿ.

ಮೊದಲು ಋಣವನ್ನು ನೆನೆಯೋಣ. ಉರ್ದುವಿನ ನಸ್ತಾಲೀಖ್ ಲಿಪಿ ಮೇಲಿನಿಂದ ಇಳಿಜಾರಾಗಿ ಹರಿಯುವಂಥದ್ದು. ಪಕ್ಕದ ಅಕ್ಷರ ಯಾವುದೆಂಬುದರ ಮೇಲೆ ಪ್ರತಿ ಅಕ್ಷರವೂ ತನ್ನ ರೂಪ ಬದಲಿಸಿಕೊಳ್ಳುತ್ತದೆ. ಸೀಸದ ಅಚ್ಚುಮೊಳೆಗೆ ಅದು ಒಗ್ಗಲಿಲ್ಲ. ಹೀಗಾಗಿ ಉರ್ದು ಪತ್ರಿಕೆಗಳನ್ನು ಬಹುಕಾಲ ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. 1981ರ ಸುಮಾರಿಗೆ ಮಿರ್ಜಾ ಅಹ್ಮದ್ ಜಮೀಲ್ ಅವರು ಸಾವಿರಾರು ಅಕ್ಷರಜೋಡಣೆಗಳನ್ನು ಬರೆದುಕೊಟ್ಟು, ಮೊನೊಟೈಪ್ ಕಂಪನಿಯ ಯಂತ್ರದಲ್ಲಿ ನೂರಿ ನಸ್ತಾಲೀಖ್ ಮೂಡಿಬಂದ ಮೇಲೆ ಆ ಸ್ಥಿತಿ ಬದಲಾಯಿತು. ಕನ್ನಡಕ್ಕೂ ಅಂಥ ಉಪಕಾರಿಗಳಿದ್ದಾರೆ. ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ.ಪಿ. ರಾಯರು, 1998ರಲ್ಲಿ "ಬರಹ" ಕೊಟ್ಟ ಶೇಷಾದ್ರಿವಾಸು, "ನುಡಿ"ಯನ್ನು ಕೊಟ್ಟ ಕನ್ನಡ ಗಣಕ ಪರಿಷತ್ತು, ಇವರೆಲ್ಲರಿಂದಾಗಿ ನಮ್ಮ ಭಾಷೆ ಗಣಕಯಂತ್ರದೊಳಗೆ ಕಾಲಿಟ್ಟಿತು. ದೊಡ್ಡ ಕಂಪನಿಗಳ ಕೊಡುಗೆಯೂ ಇದೆ. ಗೂಗಲ್ ಉಚಿತವಾಗಿ ಬಿಡುಗಡೆ ಮಾಡಿದ ನೋಟೋ ಫಾಂಟುಗಳಲ್ಲಿ ಕನ್ನಡವೂ ಉಂಟು, ನಸ್ತಾಲೀಖ್ ಉರ್ದುವೂ ಉಂಟು. ಉಪಕಾರವನ್ನು ಮರೆಯಬಾರದು.

ಆದರೆ ಉಪಕಾರವೇ ಬೇರೆ, ವ್ಯಾಪಾರವೇ ಬೇರೆ. ನಮ್ಮಲ್ಲಿ ಒಂದು ಮಾತಿದೆ: ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು. ಮೊಬೈಲಿನ ವಿಷಯದಲ್ಲಿ ನಾವೆಲ್ಲ ಹಾಗೆಯೇ ಆಗಿದ್ದೇವೆ. ಹುಡುಕುವುದು ಪುಕ್ಕಟೆ, ವಿಡಿಯೋ ಪುಕ್ಕಟೆ, ಚಿತ್ರ ಹಂಚುವುದು ಪುಕ್ಕಟೆ. ಹಾಗಾದರೆ ಈ ಕಂಪನಿಗಳು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಾದದ್ದು ಹೇಗೆ? ಉತ್ತರ ಅವರ ಲೆಕ್ಕಪತ್ರದಲ್ಲಿಯೇ ಇದೆ. 2023ರಲ್ಲಿ ಗೂಗಲ್‌ನ ಮಾತೃಸಂಸ್ಥೆಯಾದ ಆಲ್ಫಬೆಟ್‌ನ ಆದಾಯದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬಂದದ್ದು ಜಾಹೀರಾತಿನಿಂದ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಗೆ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಅದರಿಂದಲೇ. ಅಂದರೆ ಜಾಹೀರಾತು ಕೊಡುವವನೇ ಅವರ ಗಿರಾಕಿ. ಅಂಗಡಿಯಲ್ಲಿ ತೂಗಿ ಮಾರುವ ಸರಕು ನಮ್ಮ ಸಮಯ ಮತ್ತು ನಮ್ಮ ಅಭಿರುಚಿಗಳ ಮಾಹಿತಿ.

ಈ ಒಂದು ಸಂಗತಿ ತಿಳಿದರೆ ಉಳಿದುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಅವರಿಗೆ ಲಾಭ. ಆದ್ದರಿಂದಲೇ ಪುಟ ಮುಗಿಯುವುದೇ ಇಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ, ಪತ್ರಿಕೆಗೆ ಹಿಂಬದಿಯಿದೆ, ಮೊಬೈಲಿನ ಪರದೆಯನ್ನು ಬೆರಳಿನಿಂದ ತಳ್ಳುತ್ತಾ ಹೋದರೆ ತಳವೇ ಇಲ್ಲ. 2006ರಲ್ಲಿ ಈ ವಿಧಾನವನ್ನು ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಇನ್ನು ನಮ್ಮ ಏಳನೇ ತರಗತಿಯ ಹುಡುಗ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಕೆಳಗಿಡಲಾರದೆ ಹೋದರೆ ಅದು ಅವನೊಬ್ಬನ ದೌರ್ಬಲ್ಯವೆಂದು ಬಯ್ಯುವುದು ನ್ಯಾಯವೇ? ಅವನ ಎದುರಿಗೆ ಕುಳಿತವರು ಸಾವಿರಾರು ಇಂಜಿನಿಯರುಗಳು.

ಎರಡನೆಯ ಮಾತು. ಪುಕ್ಕಟೆ ಸಿಕ್ಕದ್ದು ನಮ್ಮದಲ್ಲ. ನಮ್ಮ ಪೀಳಿಗೆಯವರು ಕಾಲೇಜಿನಲ್ಲಿದ್ದಾಗ ಆರ್ಕುಟ್ ಎಂದರೆ ಹಬ್ಬ. 2014ರ ಸೆಪ್ಟೆಂಬರ್ 30ರಂದು ಅದನ್ನು ಮುಚ್ಚಲಾಯಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಬಾಗಿಲು ಹಾಕಿತು. ಹಣ ಕೊಟ್ಟು ಕೊಂಡರೂ ಭರವಸೆಯಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಮಾಯವಾದವು. ಹಣವನ್ನೇನೋ ಹಿಂದಿರುಗಿಸಿದರು. ಆದರೆ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಯಾರಾದರೂ ರಾತ್ರಿ ಬಂದು ಕಪಾಟು ಖಾಲಿ ಮಾಡಿ, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ನಾವು ಒಪ್ಪುತ್ತೇವೆಯೇ?

ನನ್ನದೇ ಒಂದು ನಷ್ಟವನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವರ್ಷ ಸಿದ್ಧಪಡಿಸಿದ ಉರ್ದು ಪ್ರಶ್ನೆಪತ್ರಿಕೆಗಳು, ವ್ಯಾಕರಣದ ಟಿಪ್ಪಣಿಗಳು, ಮಕ್ಕಳು ಬರೆದ ಪುಟ್ಟ ಕಥೆಗಳು, ಎಲ್ಲವನ್ನೂ ಒಂದು ಹಳೆಯ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೆ. ಗಣಕಯಂತ್ರ ಬದಲಾಯಿತು. ಹೊಸದರಲ್ಲಿ ಕಡತ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಆ ತಂತ್ರಾಂಶ ಅಕ್ಷರಗಳನ್ನು ತನ್ನದೇ ಗುಟ್ಟಿನ ಸಂಕೇತದಲ್ಲಿ ಕೂಡಿಟ್ಟಿತ್ತು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯುನಿಕೋಡ್ ಎಂಬ ಶಿಷ್ಟತೆಯಲ್ಲಿ 1991ರಿಂದಲೇ ಕನ್ನಡಕ್ಕೂ ಅರಬ್ಬಿ ಲಿಪಿಗೂ ಸ್ಥಾನವಿತ್ತು. ನನಗೆ ಗೊತ್ತಿರಲಿಲ್ಲ. ಮಕ್ಕಳ ಆ ಕಥೆಗಳಲ್ಲಿ ಇಂದು ನನ್ನ ಬಳಿ ಉಳಿದಿರುವುದು ಕಾಗದದ ಮೇಲೆ ಮುದ್ರಿಸಿಟ್ಟ ಆರು ಮಾತ್ರ. ಅವು ಇದೇ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದವು.

ಮೂರನೆಯದು ಹೇಳಲು ಕಷ್ಟದ ಮಾತು. 2018ರ ಜುಲೈ ತಿಂಗಳಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ, ಗೆಳೆಯರೊಂದಿಗೆ ಬಂದಿದ್ದ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂದು ಭಾವಿಸಿ ಜನ ಹೊಡೆದು ಕೊಂದರು. ಅವರ ಗುಂಪಿನವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಯಿತು. ವಾಟ್ಸಾಪಿನಲ್ಲಿ ವದಂತಿ ಅವರ ಕಾರಿಗಿಂತ ವೇಗವಾಗಿ ಓಡಿತ್ತು. ದೇಶದ ಬೇರೆ ಕಡೆಗಳಲ್ಲಿಯೂ ಅಂಥ ಸಾವುಗಳಾಗಿದ್ದವು. ಅದೇ ತಿಂಗಳು ಆ ಕಂಪನಿ, ಒಂದು ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡಲಾಗದಂತೆ ಮಿತಿ ಹೇರಿತು. ಮಿತಿ ಹಾಕಲು ಸಾಧ್ಯವಿತ್ತು ಎಂದಾಯಿತು. ಹೆಣ ಬಿದ್ದ ಮೇಲೆ ಹಾಕಿದರು. ಆದರೆ ಕಂಪನಿಯೊಂದನ್ನೇ ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಬೆರಳು ಒತ್ತಿದವರು ನಮ್ಮಂಥವರೇ.

ಈಗ ನಿಮ್ಮ ಮುಂದಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಕಲಿಕಾ ಆ್ಯಪ್ ಕೊಳ್ಳಬೇಕೆಂಬ ಪ್ರಸ್ತಾವ ಸಂಘದ ಮುಂದಿದೆ. ಸದುದ್ದೇಶದಿಂದಲೇ ಬಂದ ಪ್ರಸ್ತಾವ. ಅದಕ್ಕೆ ಮೊದಲು ಒಬ್ಬ ತಂದೆಯ ಕಥೆ ಕೇಳಿ. ಹೆಸರು ಬೇಡ, ಅವರು ಇದೇ ಸಭೆಯಲ್ಲಿರಬಹುದು.

ಆಟೋ ಓಡಿಸುವ ಅವರು ಒಂದು ಮಧ್ಯಾಹ್ನ ಟ್ಯಾಬ್ಲೆಟ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. "ಮಾಸ್ಟರ್ ಸಾಬ್, ತಿಂಗಳು ತಿಂಗಳು ಬ್ಯಾಂಕಿನಿಂದ ದುಡ್ಡು ಹೋಗ್ತಾ ಇದೆ, ಯಾಕೆ ಅಂತ ನೋಡಿ" ಎಂದರು. ಮನೆಗೆ ಬಂದ ಮಾರಾಟಗಾರ, ಹದಿನೈದು ದಿನ ಉಚಿತ, ಬೇಡವಾದರೆ ವಾಪಸ್ ಎಂದಿದ್ದನಂತೆ. "ಏನಾದರೂ ಸಹಿ ಹಾಕಿದಿರಾ?" ಎಂದು ಕೇಳಿದೆ. "ಇಲ್ಲ ಸಾಬ್. ಮೊಬೈಲಿಗೆ ಓಟಿಪಿ ಬಂತು, ಹೇಳಿದೆ. ಅಷ್ಟೇ."

ಅಷ್ಟೇ. ಆ ಓಟಿಪಿಯೇ ಸಹಿಯಾಗಿತ್ತು. ಆ್ಯಪ್ ಮಾರಿದ್ದು ಒಂದು ಕಂಪನಿ, ಸಾಲ ಕೊಟ್ಟದ್ದು ಇನ್ನೊಂದು. ಆ್ಯಪ್ ಬೇಡವೆಂದರೂ ಕಂತು ನಿಲ್ಲುವುದಿಲ್ಲ. ಕರಾರು ಪತ್ರ ಇಂಗ್ಲಿಷಿನಲ್ಲಿ. ಪಾಠಗಳೂ ಇಂಗ್ಲಿಷಿನಲ್ಲಿ, ಮಗಳು ಓದುವುದು ಉರ್ದು ಮಾಧ್ಯಮದಲ್ಲಿ. ಮೂರು ವಾರ ನಾನು ಪತ್ರ ಬರೆದೆ, ಫೋನ್ ಹಚ್ಚಿದೆ, ಗ್ರಾಹಕರ ವೇದಿಕೆಗೆ ಹೋಗುತ್ತೇವೆ ಎಂದೆ. ಕೊನೆಗೆ ಟ್ಯಾಬ್ಲೆಟ್ ವಾಪಸ್ ತೆಗೆದುಕೊಂಡರು. ಕಟ್ಟಿದ ಕಂತುಗಳು ಬರಲಿಲ್ಲ. ಆ ದುಡ್ಡು ಆಟೋದ ಇನ್ಶೂರೆನ್ಸಿಗೆ ಕೂಡಿಟ್ಟದ್ದಾಗಿತ್ತು. ಮಗಳು ಓದಲಿ ಎಂಬ ಆಸೆಯೊಂದನ್ನು ಬಿಟ್ಟರೆ ಆ ತಂದೆ ಮಾಡಿದ ತಪ್ಪೇನು?

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಯಾವ ಆ್ಯಪ್ ಕೊಳ್ಳುವ ಮುನ್ನವೂ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಕಂಪನಿ ಮುಚ್ಚಿದರೆ ನಮ್ಮ ಮಕ್ಕಳ ಕೈಯಲ್ಲಿ ಏನು ಉಳಿಯುತ್ತದೆ? ಮಕ್ಕಳ ಯಾವ ಯಾವ ವಿವರ ಪಡೆಯುತ್ತೀರಿ, ಯಾರಿಗೆ ಕೊಡುತ್ತೀರಿ? ಬೇಡವೆಂದಾಗ ಹಣ ಕಟ್ಟುವುದನ್ನು ನಿಲ್ಲಿಸುವ ದಾರಿ ಯಾವುದು?

ಎರಡನೆಯ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಅದನ್ನು ಗಳಿಸಿಕೊಟ್ಟವರಲ್ಲಿ ನಮ್ಮ ನಾಡಿನವರೇ ಒಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಎಂದರೆ ಓದಿ, ತಿಳಿದು ಕೊಡುವುದು. ಕಣ್ಣು ಮುಚ್ಚಿ ಒತ್ತುವುದಲ್ಲ.

ಹಾಗೆಂದು ಯಂತ್ರಗಳನ್ನು ದೂರವಿಡುವುದು ಬೇಡ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶವನ್ನೇ ಅಳವಡಿಸಿಕೊಂಡು ಲಕ್ಷಾಂತರ ಮಕ್ಕಳಿಗೆ ಕಂಪ್ಯೂಟರ್ ಕಲಿಸಿವೆ. ಲಿಬ್ರೆ ಆಫೀಸಿನಲ್ಲಿ ಕನ್ನಡವನ್ನೂ ಉರ್ದುವನ್ನೂ ಯುನಿಕೋಡಿನಲ್ಲಿ ಬರೆಯಬಹುದು, ಶುಲ್ಕವಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ತಂದ ದೀಕ್ಷಾ ವೇದಿಕೆಯಲ್ಲಿ ಪಠ್ಯಪುಸ್ತಕಕ್ಕೆ ಹೊಂದುವ ಪಾಠಗಳಿವೆ. ಇಂಥ ಪುಕ್ಕಟೆಗೂ ಜಾಹೀರಾತಿನ ಪುಕ್ಕಟೆಗೂ ವ್ಯತ್ಯಾಸವಿದೆ. ಒಂದು ನಮ್ಮದೇ ತೆರಿಗೆಯಿಂದಲೋ ಹಲವರ ದುಡಿಮೆಯಿಂದಲೋ ನಡೆಯುತ್ತದೆ, ಇನ್ನೊಂದು ನಮ್ಮನ್ನೇ ಮಾರಿ ನಡೆಯುತ್ತದೆ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಯಂತ್ರಗಳನ್ನು ನಾನು ಭಾನುವಾರಗಳಂದು ಕುಳಿತು ರಿಪೇರಿ ಮಾಡಿಕೊಡುತ್ತೇನೆ. ವಾರಕ್ಕೊಂದು ಪಿರಿಯಡ್ ಕೊಡಿ ಸಾಕು.

ಪಾಲಕರಲ್ಲಿ ಒಂದು ಮಾತು. ಓಟಿಪಿ ಎಂದರೆ ನಿಮ್ಮ ಹೆಬ್ಬೆಟ್ಟು. ಏತಕ್ಕೆ ಎಂದು ತಿಳಿಯದೆ ಯಾರಿಗೂ ಹೇಳಬೇಡಿ. ತಿಳಿಯದಿದ್ದರೆ ಮಗನನ್ನೋ ಮಗಳನ್ನೋ ಕೇಳಿ, ಇಲ್ಲವೇ ಸ್ಟಾಫ್ ರೂಮಿಗೆ ಬನ್ನಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಆ ಆಟೋ ಚಾಲಕರ ಮಗಳು ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಸಂಜೆ ಅರ್ಧ ಗಂಟೆ ಉಳಿದು ಕನ್ನಡದ ಒತ್ತಕ್ಷರ ತಿದ್ದುತ್ತಾಳೆ. ಕಳೆದ ತಿಂಗಳು ಅವಳು ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪುಟದ ಕಥೆಯನ್ನು ತಾನೇ ಟೈಪ್ ಮಾಡಿದಳು, ಅರ್ಧ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ. ಯುನಿಕೋಡಿನಲ್ಲಿ ಉಳಿಸಿದ್ದೇನೆ. ಕಾಗದದ ಮೇಲೂ ಒಂದು ಪ್ರತಿ ತೆಗೆದಿಟ್ಟಿದ್ದೇನೆ.